ಒಂದು ಲೆಕ್ಕ ತಪ್ಪಿದರೆ ಫೋನೇ ಪರರ ಪಾಲು: ಏನಿದು ‘ರೆಫರೆನ್ಸ್ ಕೌಂಟ್’ ದೋಷ?

2021ರ ಜುಲೈನಲ್ಲಿ ಹೊರಬಿದ್ದ ಪೆಗಾಸಸ್ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. 2019ರಲ್ಲಿ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದಾಗ ಡಿಸಿಎಂ ಆಗಿದ್ದ ಜಿ. ಪರಮೇಶ್ವರ್ ಅವರ ನಂಬರ್, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರ್‌ಗಳು ಸಂಭಾವ್ಯ ಗುರಿಗಳಾಗಿದ್ದವು ಎಂದು ‘ದಿ ವೈರ್’ ವರದಿ ಮಾಡಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನ್ ಹ್ಯಾಕ್ ಆಗಿತ್ತು ಅಂತಲ್ಲ. ಆದರೆ ಇಂಥ ಗೂಢಚಾರಿ ತಂತ್ರಾಂಶ ಒಳಗೆ ನುಗ್ಗೋದು ಹೇಗೆ? ಎಷ್ಟೋ ಸಲ ದಾರಿ ಬಿಡೋದು ಒಂದು ಸಣ್ಣ ಲೆಕ್ಕದ ತಪ್ಪು.

ಲೆಕ್ಕ ಏನು?

ನಮ್ಮ ಕುರುಗೋಡು ಕಡೆ ಮದುವೆಗೆ ಕಲ್ಯಾಣ ಮಂಟಪ ಹಿಡಿಯೋದನ್ನು ನೆನೆಯಿರಿ. ಒಂದು ಕೋಣೆಯ ಕೀ ಐದು ಜನರಿಗೆ ಕೊಟ್ಟರೆ ಮ್ಯಾನೇಜರ್ 5 ಅಂತ ಬರೆದುಕೊಳ್ತಾನೆ. ಕೀ ವಾಪಸ್ ಬಂದಂತೆಲ್ಲ ಒಂದೊಂದೇ ಕಳೀತಾನೆ. ಸೊನ್ನೆಯಾದರೆ ಕೋಣೆ ಬೇರೆಯವರಿಗೆ. ಹಂಚಿಕೊಂಡು ಬಳಸುವ ಮೆಮೊರಿಗೆ ಕರ್ನಲ್ ಇಡುವ ಲೆಕ್ಕವೂ ಇದೇ.

ಒಂದೇ ಕೀಯನ್ನು ಎರಡು ಸಲ ಕಳೆದರೆ? ಹಳಬರ ಕೈಲಿ ಕೀ ಇರುವಾಗಲೇ ಕೋಣೆಗೆ ಹೊಸಬರು ಬರ್ತಾರೆ. ಇದೇ ‘ಯೂಸ್ ಆಫ್ಟರ್ ಫ್ರೀ’. ಕಳೆಯೋದನ್ನೇ ಮರೆತರೂ ಅಪಾಯ: 32 ಬಿಟ್ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತೆ. 2016ರಲ್ಲಿ ಲಿನಕ್ಸ್‌ನ ಕೀರಿಂಗ್ ವ್ಯವಸ್ಥೆಯಲ್ಲಿ ಸಿಕ್ಕ ಸಿವಿಇ-2016-0728 ಇಂಥದ್ದು.

ಡ್ರೈವರ್ ಯಾಕೆ ಗುರಿ?

ಚಿಪ್ ಕಂಪನಿಗಳು ಬರೆಯುವ ಡ್ರೈವರ್‌ಗಳು ಕರ್ನಲ್‌ನ ಪೂರ್ಣ ಅಧಿಕಾರದಲ್ಲಿ ಓಡುತ್ತವೆ. ಹೆಚ್ಚಿನವು ಸಿ ಭಾಷೆಯಲ್ಲಿವೆ. ಅಲ್ಲಿ ಲೆಕ್ಕ ಇಡೋದು ಪ್ರೋಗ್ರಾಮರ್‌ನ ಹೊಣೆ. ಕ್ವಾಲ್ಕಾಮ್ ತನ್ನ ಡಿಎಸ್‌ಪಿ ಡ್ರೈವರ್‌ನ ಇಂಥ ದೋಷವನ್ನು (ಸಿವಿಇ-2024-43047) 2024ರ ಅಕ್ಟೋಬರ್‌ನಲ್ಲಿ ಸರಿಪಡಿಸಿತು. ಅದೇ ಡಿಸೆಂಬರ್‌ನಲ್ಲಿ ಆಮ್ನೆಸ್ಟಿ ವರದಿ ಬಂತು: ಸರ್ಬಿಯಾದ ಅಧಿಕಾರಿಗಳು ಸೆಲೆಬ್ರೈಟ್ ಉಪಕರಣದಿಂದ ಹೋರಾಟಗಾರರ, ಪತ್ರಕರ್ತರ ಫೋನ್ ತೆರೆಯುತ್ತಿದ್ದರು, ಈ ದೋಷ ಬಯಲಾದದ್ದೂ ಅಂಥ ಒಂದು ಫೋನಿನ ತನಿಖೆಯಿಂದ.

ಪರಿಹಾರ?

2017ರಲ್ಲಿ ಲಿನಕ್ಸ್ 4.11ಕ್ಕೆ, ತುಂಬಿದರೂ ಸೊನ್ನೆಗೆ ಮರಳದ ಎಣಿಕೆ ಬಂತು. 2022ರಲ್ಲಿ 6.1ರೊಂದಿಗೆ ರಸ್ಟ್ ಭಾಷೆ ಕರ್ನಲ್‌ಗೆ ಕಾಲಿಟ್ಟಿತು. ಅದರಲ್ಲಿ ಈ ಲೆಕ್ಕವನ್ನು ಬಹುಮಟ್ಟಿಗೆ ಭಾಷೆಯೇ ಕಾಯುತ್ತೆ. ಗೂಗಲ್ ಪ್ರಕಾರ ಆಂಡ್ರಾಯ್ಡ್ ದೋಷಗಳಲ್ಲಿ ಮೆಮೊರಿ ದೋಷದ ಪಾಲು 2019ರ ಶೇ. 76ರಿಂದ 2024ರಲ್ಲಿ ಶೇ. 24ಕ್ಕೆ ಇಳಿದಿದೆ.

ಆದರೆ ಅಪ್‌ಡೇಟ್ ನಿಂತ ಹಳೇ ಫೋನಿಗೆ ಇದ್ಯಾವುದೂ ತಲುಪಲ್ಲ. ಹಳ್ಳಿಯ ವರದಿಗಾರ, ರೈತ ಸಂಘದ ಕಾರ್ಯಕರ್ತೆ ಹಿಡಿದಿರೋದು ಹೆಚ್ಚಾಗಿ ಅಂಥ ಫೋನನ್ನೇ. ಹಾಗಾಗಿ ಫೋನ್ ಮಾರುವ ಕಂಪನಿ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡಲೇಬೇಕು ಅನ್ನೋದು ನನ್ನ ಮಟ್ಟಿಗೆ ಪ್ರಜಾಪ್ರಭುತ್ವದ ಪ್ರಶ್ನೆ. ನಾವು ಕೇಳಬೇಕಾದ್ದು ಅದನ್ನೇ.