ದೇವರ ನೆಪ, ಬುತ್ತಿಯ ಗಂಟು

ಗುಬ್ಬಿ ಸೀಮೆಯಲ್ಲಿ ನನ್ನ ಅಜ್ಜಿಯ ಕಾಲದ ಹೆಂಗಸರು ಊರ ಗಡಿ ದಾಟುತ್ತಿದ್ದುದು ಮೂರೇ ಕಾರಣಕ್ಕೆ: ಬಾಣಂತನ, ಸಾವು, ದೇವರು. ಮೊದಲೆರಡರಲ್ಲಿ ಸುಖವಿರಲಿಲ್ಲ. ಬೆಟ್ಟ ನೋಡಬೇಕು, ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಬೇಕು, ಮಕ್ಕಳನ್ನು ಹಾರಾಡಲು ಬಿಟ್ಟು ಒಂದು ಹೊತ್ತು ಕಾಲು ಚಾಚಬೇಕು ಅನ್ನಿಸಿದರೆ ಒಂದು ಹರಕೆ ಹೊರಲೇಬೇಕಿತ್ತು. ‘ದುರ್ಗದ ನರಸಿಂಹಸ್ವಾಮಿಗೆ ಹರಿಸೇವೆ ಅಂದ್ಕೊಂಡಿದೀನಿ ಕಣತ್ತೆ’ ಎಂದು ಸೊಸೆ ಹೇಳಿದರೆ ಯಾವ ಅತ್ತೆಯೂ ಬೇಡವೆನ್ನಲಾರಳು. ಅತ್ತೆಗೂ ಹೋಗುವ ಆಸೆ ಇರುತ್ತಿತ್ತಲ್ಲ!

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದವಳು ನಾನು. ರಾಜರ ಇಸವಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗಲೆಲ್ಲ ಈ ಅತ್ತೆ ಸೊಸೆಯರ ಯಾತ್ರೆಗಳೂ ಚರಿತ್ರೆಯೇ ಅಲ್ಲವೇ ಅನ್ನಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಭಾನುವಾರ ಬಂತೆಂದರೆ ಸಂಸಾರಗಳು ಟಿಕೆಟ್ ಕೊಂಡು ಹಳೆಯ ಜಮೀನ್ದಾರರ ಬಂಗಲೆ, ತೋಟ, ಅಡುಗೆಮನೆಗಳನ್ನು ನೋಡಿ ಬರುತ್ತವಂತೆ. ಅಂಥವನ್ನು ಕಾಯಲೆಂದು 1895ರಲ್ಲೇ ಅಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ನಮ್ಮಲ್ಲಿ ನೋಡಲು ಅಂಥ ಮನೆಗಳೇ ಉಳಿದಿಲ್ಲ. ಗುಬ್ಬಿಯನ್ನು ಕಟ್ಟಿದವರು ಹೊಸಹಳ್ಳಿಯ ಗೌಡರು ಎನ್ನುತ್ತಾರೆ. ಹಾಗಲವಾಡಿಯಲ್ಲಿ ಪಾಳೆಯಗಾರರು ಆಳಿದರು. ಅವರು ಎಲ್ಲಿ ಮಲಗುತ್ತಿದ್ದರು, ಏನು ಉಣ್ಣುತ್ತಿದ್ದರು ಎಂದು ತೋರಿಸಲು ನಮ್ಮ ಬಳಿ ಒಂದು ಕೋಣೆಯೂ ಇಲ್ಲ. ಮಣ್ಣಿನ ಗೋಡೆ, ಮರದ ಕಂಬದ ಮನೆ ಎಷ್ಟು ಮಳೆ ತಡೆದೀತು? ಉಳಿದದ್ದು ಕಲ್ಲು. ಕಲ್ಲಿನಲ್ಲೂ ದೇವರಿದ್ದ ಕಲ್ಲಿಗೆ ಮಾತ್ರ ಜನ ಬಂದರು.

ದೇವರಾಯನದುರ್ಗವನ್ನೇ ನೋಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಗೆದ್ದ ಮೇಲೆ ಬೆಟ್ಟಕ್ಕೆ ಈ ಹೆಸರು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಕೋಟೆಯ ಗೋಡೆ ಯಾರಿಗೂ ಬೇಡವಾಯಿತು, ನರಸಿಂಹ ಮಾತ್ರ ಎಲ್ಲರಿಗೂ ಬೇಕಾದ. ಫಾಲ್ಗುಣದಲ್ಲಿ ತೇರು. ಗುಬ್ಬಿ ಕಡೆಯಿಂದ ಹೊರಡುವ ಕಮಾನುಗಾಡಿಗಳನ್ನು ರಾತ್ರಿಯೇ ಕಟ್ಟುತ್ತಿದ್ದರು. ಗಾಡಿಯೊಳಗೆ ಹುಲ್ಲು ಹರವಿ ಮೇಲೊಂದು ಜಮಖಾನ. ಅಚ್ಚಿನ ಕೆಳಗೆ ತೂಗುವ ಲಾಟೀನು. ತುಮಕೂರು ದಾಟಿದ ಮೇಲೆ ಕಾಡು ಶುರುವಾಗುತ್ತಿದ್ದಂತೆ ಹೆಂಗಸರ ಮಾತು ಜೋರಾಗುತ್ತಿತ್ತಂತೆ. ಹೆದರಿಕೆಗಲ್ಲ, ಕೇಳಿಸಿಕೊಳ್ಳಲು ಊರಿನವರು ಯಾರೂ ಇಲ್ಲವಲ್ಲ ಎಂಬ ನಿರಾಳಕ್ಕೆ ಎಂದು ಅಜ್ಜಿಯ ವಿವರಣೆ.

ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಹಚ್ಚಲು ನೀರು ಬೇಕೆಂದು ಬಂಡೆಗೆ ಬಾಣ ಬಿಟ್ಟ, ಆಗ ಚಿಮ್ಮಿದ ನೀರು ಇದು ಎಂಬುದು ಸ್ಥಳಪುರಾಣ. ಈಗ ಅಲ್ಲಿ ಅರಣ್ಯ ಇಲಾಖೆಯ ಜಿಂಕೆವನ ಇದೆ. ಆಗ ಮೂರು ಕಲ್ಲು ಹೂಡಿ ಅಡುಗೆ. ಹರಿಸೇವೆಯೆಂದರೆ ಶಂಖ ಜಾಗಟೆಯ ದಾಸಯ್ಯ ಬೇಕು, ಪೂಜೆ ಬೇಕು, ಬಂದವರಿಗೆಲ್ಲ ಊಟ ಬೇಕು. ನಮ್ಮದು ಅಡಿಕೆ ಸೀಮೆಯಾದ್ದರಿಂದ ಎಲೆಯ ಜೊತೆಗೆ ಹಾಳೆಯೂ ಗಾಡಿಯಲ್ಲಿ ಬರುತ್ತಿತ್ತು. ದಾರಿಗೆಂದು ಕಟ್ಟಿದ ಪುಳಿಯೋಗರೆ, ಮೊಸರನ್ನ, ಕೋಡುಬಳೆ ಬೇರೆ. ದರ್ಶನಕ್ಕೆ ಹಿಡಿಯುತ್ತಿದ್ದುದು ಒಂದು ಗಳಿಗೆ, ಊಟಕ್ಕೆ ಇಡೀ ಮಧ್ಯಾಹ್ನ. ಇದನ್ನು ಭಕ್ತಿಯ ಕೊರತೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದೇವರು ತನ್ನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ದಿನದ ರಜೆ ಕೊಟ್ಟಿದ್ದಕ್ಕಿಂತ ದೊಡ್ಡ ಪ್ರಸಾದ ಯಾವುದು?

ಅದೇ ಬೆಟ್ಟವನ್ನು ದೇವರ ಹಂಗಿಲ್ಲದೆ ಹತ್ತಿದವರು ದೊರೆಗಳು. ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ತುಮಕೂರಿನಲ್ಲಿ ಬಹುಕಾಲ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಸಾಹೇಬನ ಹೆಸರು ಡಾಬಸ್‌ಪೇಟೆಯಲ್ಲಿ ಇವತ್ತಿಗೂ ಉಳಿದಿದೆ. ಬೇಸಗೆಯಲ್ಲಿ ಅಧಿಕಾರಿಗಳು ದುರ್ಗದ ತಂಪಿಗೆ ಹೋಗುತ್ತಿದ್ದರು. ತಂಪಿಗೆಂದೇ ಬೆಟ್ಟಕ್ಕೆ ಹೋಗುವುದು ನಮ್ಮ ಜನಕ್ಕೆ ವಿಚಿತ್ರವಾಗಿ ಕಂಡಿರಬೇಕು.

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಥೆ ಇನ್ನೂ ಗಟ್ಟಿಯದು. ಮಾಗಡಿ ಕೆಂಪೇಗೌಡರ ಮನೆತನದ ಕೋಟೆ; ಒಂದರ ಮೇಲೊಂದು ಬಾಗಿಲು, ಬಂಡೆಯನ್ನೇ ಬಳಸಿಕೊಂಡು ಏರಿದ ಗೋಡೆ. 1728ರಲ್ಲಿ ಮಾಗಡಿ ಮೈಸೂರಿನ ಪಾಲಾಯಿತು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರ್ 21ರಂದು ಸಾವನದುರ್ಗ ಹಿಡಿಯಿತು. ಮೂರು ದಿನ ಬಿಟ್ಟು, 24ರಂದು, ಹುತ್ರಿದುರ್ಗವೂ ಬಿತ್ತು. ಮರುತಿಂಗಳ ಕೊನೆಗೆ ಸೇನೆಗಳೆಲ್ಲ ಹುಲಿಯೂರುದುರ್ಗದ ಬಳಿ ಕೂಡಿಕೊಂಡು ಶ್ರೀರಂಗಪಟ್ಟಣದ ದಾರಿ ಹಿಡಿದವು. ಅಲ್ಲಿಗೆ ಈ ಕೋಟೆಗಳ ಉದ್ಯೋಗ ಮುಗಿಯಿತು. ಕೆಲಸವಿಲ್ಲದ ಕೋಟೆಯಲ್ಲಿ ಸೀತಾಫಲದ ಗಿಡ ಬೆಳೆಯುತ್ತದೆ, ಕಲ್ಲು ಒಂದೊಂದಾಗಿ ಯಾರದೋ ಕೊಟ್ಟಿಗೆಗೆ ಹೋಗುತ್ತದೆ. ಆದರೆ ಹುತ್ರಿದುರ್ಗದ ನೆತ್ತಿಯ ಮೇಲೆ ಶಂಕರೇಶ್ವರನಿದ್ದ. ಹಣ್ಣುಕಾಯಿ ಹಿಡಿದು ಹತ್ತುವವರು ಇದ್ದುದರಿಂದ ಕಾಲುದಾರಿ ಮುಚ್ಚಿಹೋಗಲಿಲ್ಲ. ಪಟಾಲಮ್ಮುಗಳು ಹತ್ತಲು ಹೆಣಗಿದ ಬಾಗಿಲುಗಳನ್ನು ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುತ್ತಿ ಇಟ್ಟುಕೊಂಡು ದಾಟಿದವರು ನಮ್ಮ ಹೆಂಗಸರು. ಇಂದು ಬೆಂಗಳೂರಿನಿಂದ ಶೂ ಕಟ್ಟಿ ಬರುವ ಹುಡುಗ ಹುಡುಗಿಯರು ಹತ್ತುವ ದಾರಿ ಅದೇ.

ರೈಲು ಬೆಂಗಳೂರಿನಿಂದ ತುಮಕೂರಿಗೆ ಬಂದದ್ದು 1884ರಲ್ಲಿ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಅದನ್ನು ಬೆಳೆಸಿದ ವೀರಣ್ಣನವರ ಕಾಲಕ್ಕೆ ಆನೆ ಕುದುರೆಗಳೇ ರಂಗದ ಮೇಲೆ ಬಂದವೆಂದರೆ, ಅರಮನೆ ಇಲ್ಲದ ಸೀಮೆಗೆ ಅರಮನೆ ತೋರಿಸಿದ್ದು ಕಂಪನಿಯ ಪರದೆಗಳೇ ಎನ್ನಬಹುದು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ತೆರೆಯಿತು. ಬಸ್ಸು ಬಂದ ಮೇಲೆ ರಾತ್ರಿ ಗಾಡಿ ಕಟ್ಟುವುದು ನಿಂತಿತು; ಹೋಗುವ ಜಾಗವೂ ಬದಲಾಯಿತು. ಮೈಸೂರು ಅರಮನೆ, ಲಾಲ್‌ಬಾಗು, ಕನ್ನಂಬಾಡಿಯ ಬೃಂದಾವನ. ಕ್ಯಾತ್ಸಂದ್ರದಲ್ಲಿ ಬಸ್ಸು ನಿಂತರೆ ತಟ್ಟೆ ಇಡ್ಲಿ. ಬುತ್ತಿಯ ಗಂಟು ಚಿಕ್ಕದಾಯಿತು. ದೂರದ್ದೇ ನೋಡತಕ್ಕದ್ದು, ಹತ್ತಿರದ್ದು ಬರೀ ಊರು ಎಂಬ ಭಾವನೆ ಬೇರೂರಿದ್ದು ಆಗಲೇ ಎಂದು ನನ್ನ ಗುಮಾನಿ.

ಶಾಲೆಯ ಪ್ರವಾಸಗಳಲ್ಲಿ ಇದು ಎದ್ದು ಕಾಣುತ್ತಿತ್ತು. ಬೇಲೂರು, ಹಳೇಬೀಡು ನೋಡಿದ ನನ್ನ ವಿದ್ಯಾರ್ಥಿಗಳಲ್ಲಿ ಕೈದಾಳ ನೋಡಿದವರು ಬೆರಳೆಣಿಕೆಯಷ್ಟು. ತುಮಕೂರು ಪಕ್ಕದ ಗೂಳೂರಿಗೆ ಅಂಟಿಕೊಂಡಂತೆ ಇರುವ ಹಳ್ಳಿ ಅದು. ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳಿ ಬಾಚಿ 12ನೇ ಶತಮಾನದ ನಡುವೆ ಕಟ್ಟಿಸಿದ ದೇಗುಲಗಳು ಅಲ್ಲಿವೆ. ಚನ್ನಕೇಶವನೂ ಗಂಗಾಧರೇಶ್ವರನೂ ಒಂದೇ ಹಳ್ಳಿಯಲ್ಲಿ. ಕಡಿದುಕೊಂಡ ಕೈ ಶಿಲ್ಪಿ ಜಕಣಾಚಾರಿಗೆ ಮರಳಿ ಬಂದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಬಾಗಿಲ ಬಳಿ ಕೈಮುಗಿದು ನಿಂತ ಪುಟ್ಟ ಮೂರ್ತಿಯನ್ನು ಅವನೇ ಎಂದು ತೋರಿಸುತ್ತಾರೆ. ಬಾಚಿಯೇ ಇರಬೇಕು ಎನ್ನುವುದು ಬಲ್ಲವರ ವಾದ. ಎರಡನ್ನೂ ಮಕ್ಕಳ ಮುಂದಿಟ್ಟು ‘ನೀವೇ ಹೇಳಿ’ ಎಂದರೆ ಒಂದು ತಿಂಗಳ ಚರಿತ್ರೆ ಪಾಠ ಅರ್ಧ ಗಂಟೆಯಲ್ಲಿ ಆಗುತ್ತದೆ. ಕಾರ್ತಿಕದಲ್ಲಿ ಹೋದರೆ ಗೂಳೂರಿನ ಭಾರಿ ಮಣ್ಣಿನ ಗಣಪನೂ ಕಾಣಸಿಗುತ್ತಾನೆ. ಎಲ್ಲರ ಗಣಪ ನೀರು ಸೇರಿದ ಎಷ್ಟೋ ದಿನದ ಮೇಲೆ ಇವನ ಪೂಜೆ ಶುರು!

ತೋಟದ ಮಾತಿಗೆ ಬಂದರೆ, ತುಮಕೂರಿನಲ್ಲಿ ಅಮಾನಿಕೆರೆಯ ಉದ್ಯಾನವಿದೆ, ಗಾಜಿನ ಮನೆಯಿದೆ, ಸಂಜೆ ಹೊತ್ತು ಕಳೆಯಲು ಚೆನ್ನಾಗಿವೆ. ಆದರೆ ನಮ್ಮ ಸೀಮೆಯಲ್ಲಿ ಹೆಸರಾದ ತೋಟ ಯಾವ ದೊರೆಯದ್ದೂ ಅಲ್ಲ. ಅದು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ಸಿದ್ಧಲಿಂಗ ಯತಿಗಳು ತಪಸ್ಸಿಗೆ ಕೂತ ತೋಟ. ಅವರು ಐಕ್ಯರಾದ ಎಡೆಯೂರಿನಲ್ಲಿ ದಾಸೋಹ ನಡೆದೇ ಇದೆ. ಹಾಸನ, ಮಂಗಳೂರಿನ ಕಡೆ ಹೋಗುವ ಎಷ್ಟೋ ಸಂಸಾರಗಳ ಮಧ್ಯಾಹ್ನದ ಊಟ ಅಲ್ಲೇ.

ಹೋಗುವ ದಾರಿಯಲ್ಲೇ ಕುಣಿಗಲ್ ಕೆರೆ. ಜನಪದ ಹಾಡಿನಿಂದ ಕನ್ನಡ ನಾಡಿಗೆಲ್ಲ ಗೊತ್ತಿರುವ ಕೆರೆಯ ಏರಿಯ ಮೇಲೆ ಇಳಿದು ನಿಲ್ಲುವವರು ಕಡಿಮೆ. ಕುಣಿಗಲ್ಲಿನ ಕುದುರೆ ಫಾರಂ ಇನ್ನೊಂದು. ಹೈದರ್, ಟಿಪ್ಪು ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಸಾಕಿದ, ನಾನೂರು ಎಕರೆಗೂ ಮೀರಿದ ನೆಲ. ಆಮೇಲೆ ಬ್ರಿಟಿಷರಿಗೆ, ಮೈಸೂರು ಸರ್ಕಾರಕ್ಕೆ, ಕೊನೆಗೆ ಗುತ್ತಿಗೆಗೆ ಹೋಗಿ ರೇಸಿನ ಕುದುರೆಗಳ ತವರಾಯಿತು. ನಾವು ನೋಡಿದ್ದು ಬೇಲಿಯಾಚೆಯಿಂದ, ಅಪ್ಪನ ಹೆಗಲ ಮೇಲೆ ಕೂತು. ಈಚೆಗೆ ಆ ನೆಲದಲ್ಲಿ ಟೌನ್‌ಶಿಪ್ ಮಾಡುವ ಮಾತೆದ್ದಿತು, ವಿರೋಧವೂ ಎದ್ದಿತು. ಅಲ್ಲೊಂದು ಗುಡಿ ಇದ್ದಿದ್ದರೆ ಆ ಮಾತೇ ಏಳುತ್ತಿರಲಿಲ್ಲ. ದೇವರಿಲ್ಲದ ಹಳೆಯ ಜಾಗಕ್ಕೆ ನಮ್ಮಲ್ಲಿ ವಾರಸುದಾರರಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹರಕೆಯ ನೆಪವಿಲ್ಲದೆಯೂ ಈಗ ಹೆಣ್ಣುಮಕ್ಕಳು ಕಾರು ಓಡಿಸಿಕೊಂಡು ದುರ್ಗಕ್ಕೆ ಹೋಗುತ್ತಾರೆ. ಬಹಳ ಒಳ್ಳೆಯದಾಯಿತು. ಹಾಗೆಯೇ ದೇವರಿಲ್ಲದ ಕಲ್ಲನ್ನೂ ಒಂದಿಷ್ಟು ನೋಡಿಕೊಳ್ಳುವ ಕಾಲ ಬರಬೇಕು. ಹುತ್ರಿದುರ್ಗದ ಪ್ರತಿ ಬಾಗಿಲಲ್ಲೂ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ ಇರಲಿ. ನನ್ನ ನಂತರ ಪಾಠ ಮಾಡುತ್ತಿರುವ ಮೇಷ್ಟ್ರು ಮೇಡಮ್ಮುಗಳಲ್ಲಿ ಒಂದು ಕೋರಿಕೆ: ಮಕ್ಕಳ ಮೊದಲ ಪ್ರವಾಸವನ್ನು ಜಿಲ್ಲೆಯೊಳಗೇ ಇಟ್ಟುಕೊಳ್ಳಿ. ಬೆಳಿಗ್ಗೆ ಕೈದಾಳ, ಮಧ್ಯಾಹ್ನ ನಾಮದ ಚಿಲುಮೆಯಲ್ಲಿ ಬುತ್ತಿ, ಸಂಜೆಗೆ ದೇವರಾಯನದುರ್ಗ. ಬಸ್ಸಿನ ಖರ್ಚು ಮೈಸೂರಿಗೆ ಆಗುವುದರ ಅರ್ಧವೂ ಆಗದು.