ಕೊಡಲಿಗೆ ಊರಿತ್ತು, ವಿಡಿಯೋಗೆ ಊರಿಲ್ಲ

ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ, ಮುಂಗಾರು ಹಿಡಿಯುವ ಮೊದಲು, ನಮ್ಮ ಕಡೆ ಗಿಡ ಕಡಿಯುವ ಕೆಲಸ ಜೋರು. ಇಂಡಿಯಲ್ಲಿ ತೋಟದೊಳಗೆ ಒಣಗಿ ನಿಂತ ಗಿಡ, ಸಿಂದಗಿ ಕಡೆ ಬದುವಿನ ಜಾಲಿ, ಮುದ್ದೇಬಿಹಾಳದಲ್ಲಿ ಹೊಲಕ್ಕೆ ನುಗ್ಗಿದ ಬಳ್ಳಾರಿ ಜಾಲಿ, ಬಸವನ ಬಾಗೇವಾಡಿಯಲ್ಲಿ ಮಾಳಿಗೆ ಮೇಲೆ ಬಾಗಿದ ಬೇವು. ಕೆಲಸ ಹಳೆಯದೇ. ಆದರೆ ಹೇಗೆ ಕಡಿಯಬೇಕು ಎಂದು ಮೊದಲು ಊರಿನ ಮನುಷ್ಯನನ್ನು ಕೇಳುತ್ತಿದ್ದೆವು, ಈಗ ಫೋನನ್ನು ಕೇಳುತ್ತೇವೆ.

ಈ ಬದಲಾವಣೆ ಒಂದು ದಿನದಲ್ಲಿ ಆದದ್ದಲ್ಲ. ಅದು ಹೇಗಾಯಿತು ಎಂದು ತಿಳಿದರೆ, ವಿಡಿಯೋ ನೋಡಿ ಗಿಡಕ್ಕೆ ಕೈ ಹಾಕುವುದು ಯಾಕೆ ಜೀವಕ್ಕೆ ಕುತ್ತು ಎಂಬುದೂ ತಿಳಿಯುತ್ತದೆ.

12ನೇ ಶತಮಾನದ ಶರಣರಲ್ಲಿ ಮೋಳಿಗೆ ಮಾರಯ್ಯ ಒಬ್ಬರು. ಮೋಳಿಗೆ ಅಂದರೆ ಕಟ್ಟಿಗೆಯ ಹೊರೆ. ಕಾಡಿನಿಂದ ಕಟ್ಟಿಗೆ ತಂದು ಮಾರುವುದೇ ಅವರ ಕಾಯಕವಾಗಿತ್ತು ಎನ್ನುತ್ತಾರೆ. ಅಂದರೆ ಬಸವಣ್ಣನವರ ಕಾಲದಲ್ಲೇ ಕಟ್ಟಿಗೆ ಕೆಲಸ ಎನ್ನುವುದು ಒಂದು ಕಾಯಕ, ಕಲಿತು ಮಾಡುವ ಕೆಲಸ.

ನಂತರದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಈ ಕೆಲಸದ ಅರಿವು ಬಡಿಗರ ಮನೆಯಲ್ಲಿತ್ತು. ಬಡಿಗ, ಕಂಬಾರ ಮುಂತಾದ ಆಯಗಾರರು ವರ್ಷವಿಡೀ ರೈತರ ಕೆಲಸ ಮಾಡುತ್ತಿದ್ದರು. ಸುಗ್ಗಿಯಲ್ಲಿ ರೈತ ಕಣದಲ್ಲೇ ಅವರ ಪಾಲಿನ ಕಾಳು ಅಳೆದು ಕೊಡುತ್ತಿದ್ದ. ಅದೇ ಆಯ. ನೇಗಿಲಿಗೆ, ಬಂಡಿಯ ಗಾಲಿಗೆ ಜಾಲಿ ಬೇಕು. ಬಾಗಿಲಿಗೆ ಬೇವು, ಗಾಣಕ್ಕೆ ಹುಣಸೆ. ಯಾವ ಗಿಡ ಬಲಿತಿದೆ, ಯಾವುದರ ಒಳಗೆ ಹುಳ ತಿಂದು ಟೊಳ್ಳಾಗಿದೆ ಎಂದು ಬಡಿಗ ಕೊಡಲಿಯ ಹಿಂಬದಿಯಿಂದ ಬಡಿದು ಸದ್ದು ಕೇಳಿ ಹೇಳುತ್ತಿದ್ದ. ಅವನ ಮಗ ಸಣ್ಣವನಿದ್ದಾಗಿಂದ ಜೊತೆಗೆ ಹೋಗಿ, ಹಗ್ಗ ಹಿಡಿದು, ದೂರ ನಿಂತು ನೋಡಿ ಕಲಿಯುತ್ತಿದ್ದ. ಕೊಡಲಿ ಕೈಗೆ ಬರಲು ವರ್ಷಗಳು ಬೇಕಾಗುತ್ತಿದ್ದವು.

ಇಲ್ಲಿ ಒಂದು ಮಾತು ಗಮನಿಸಬೇಕು. ಸಲಹೆ ಕೊಟ್ಟವನು ಅದೇ ಗಿಡದ ಬುಡದಲ್ಲಿ ನಿಂತಿರುತ್ತಿದ್ದ. ತಪ್ಪಾದರೆ ಅವನ ತಲೆಯ ಮೇಲೂ ಬೀಳಬಹುದಿತ್ತು. ಉಳಿದರೂ, ಮುಂದಿನ ಸುಗ್ಗಿಯಲ್ಲಿ ಅದೇ ರೈತನ ಕಣಕ್ಕೆ ಆಯಕ್ಕೆ ಬರಬೇಕಿತ್ತು. ಮಾತಿಗೆ ಜವಾಬ್ದಾರಿ ಇತ್ತು.

ಮಲೆನಾಡು, ದಾಂಡೇಲಿ ಕಡೆ ದೊಡ್ಡ ಕಾಡುಗಳಿದ್ದವು. ಅಲ್ಲಿ ಮರ ಬೀಳಿಸುವುದನ್ನೇ ಕಸುಬು ಮಾಡಿಕೊಂಡ ಕೂಲಿಗಳ ತಂಡಗಳು ಬೆಳೆದವು. ನಮ್ಮದು ಬಯಲು ಸೀಮೆ, ಎರೆಭೂಮಿ. ಇಲ್ಲಿ ಕಾಡು ಬಹಳ ಕಡಿಮೆ, ಅಂಥ ತಂಡಗಳೂ ಕಡಿಮೆ. ಊರಿಗೆ ಒಂದೆರಡು ಮನೆಯಲ್ಲಿದ್ದ ಅರಿವೇ ನಮ್ಮ ಪೂರಾ ಆಸ್ತಿ. ಕಬ್ಬಿಣದ ನೇಗಿಲು, ರಬ್ಬರ್ ಗಾಲಿ, ಟ್ರ್ಯಾಕ್ಟರ್ ಬಂದವು. ಬಡಿಗರಿಗೆ ಕೆಲಸ ಕಡಿಮೆಯಾಯಿತು, ಆಯವೂ ನಿಂತಿತು. ಮಕ್ಕಳು ಪುಣೆ, ಬೆಂಗಳೂರು ಸೇರಿದರು. ಆ ಅರಿವನ್ನು ಯಾರೂ ಬರೆದಿಡಲಿಲ್ಲ.

ಅತ್ತ ಯಂತ್ರದ ಕಥೆ ಬೇರೆ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸ ಮಾಡಿದರು. ಅದು ಇಬ್ಬರು ಹಿಡಿಯಬೇಕಾದಷ್ಟು ಭಾರ. 1950ರ ಹೊತ್ತಿಗೆ ಒಬ್ಬನೇ ಹಿಡಿಯುವ ಯಂತ್ರಗಳು ಬಂದವು. ಹಳೆಯ ಉದ್ದ ಗರಗಸಕ್ಕೆ ಆಚೆ ಒಬ್ಬ, ಈಚೆ ಒಬ್ಬ ಬೇಕಿತ್ತು. ಒಬ್ಬನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣುತ್ತಿತ್ತು. ಹೊಸ ಯಂತ್ರದಿಂದ ಆ ಎರಡನೇ ಜೋಡಿ ಕಣ್ಣು ಹೋಯಿತು.

ಯಂತ್ರದ ಜೊತೆ ಹೊಸ ಅಪಾಯವೂ ಬಂತು. ಓಡುತ್ತಿರುವ ಸರಪಳಿಯ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಹಿಡಿದವನ ಮುಖ ಕುತ್ತಿಗೆ ಕಡೆಗೆ ಒದೆಯುತ್ತದೆ. ಇದರಿಂದ ಎಷ್ಟೋ ಜನ ಗಾಯಗೊಂಡ ಮೇಲೆ, 1970ರ ದಶಕದಲ್ಲಿ ಕಂಪನಿಗಳು ಸರಪಳಿಯನ್ನು ಥಟ್ಟನೆ ನಿಲ್ಲಿಸುವ ಬ್ರೇಕ್ ಅಳವಡಿಸತೊಡಗಿದವು. 1998ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಾಡಿನ ಕೆಲಸದ ಸುರಕ್ಷತೆಗೆ ಬೇರೆಯೇ ಸಂಹಿತೆ ಹೊರತಂದಿತು. ಇಷ್ಟೆಲ್ಲ ಇದ್ದರೂ ಅಮೆರಿಕದಲ್ಲಿ ಮರ ಕಡಿಯುವುದು ಇಂದಿಗೂ ಅತಿ ಹೆಚ್ಚು ಪ್ರಾಣ ತೆಗೆಯುವ ಉದ್ಯೋಗಗಳಲ್ಲಿ ಒಂದು.

ನಮ್ಮ ಹಳ್ಳಿಗಳಿಗೆ ಯಂತ್ರ ಬಂತು, ಆ ಪಾಠ ಬರಲಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಯೂಟ್ಯೂಬ್ ಮನೆಮನೆಗೆ ಮುಟ್ಟಿತು. ಬ್ಯಾಟರಿ ಗರಗಸ ಕೆಲವೇ ಸಾವಿರ ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗತೊಡಗಿತು. ಕಬ್ಬಿಣ ಕೊಯ್ಯುವ ಗ್ರೈಂಡರ್‌ಗೆ ಗರಗಸದ ಸರಪಳಿ ಕೂಡಿಸುವುದನ್ನೂ ವಿಡಿಯೋಗಳು ತೋರಿಸುತ್ತವೆ. ಗ್ರೈಂಡರ್‌ನ ವೇಗ ಮರಕ್ಕೆಂದು ಮಾಡಿದ್ದಲ್ಲ. ಒದೆತ ತಡೆಯುವ ಸರಪಳಿ ಬ್ರೇಕ್ ಅದಕ್ಕಿಲ್ಲ. 50 ವರ್ಷದ ಹಿಂದೆ ರಕ್ತ ಚೆಲ್ಲಿ ಕಲಿತ ಪಾಠವನ್ನು ಅದು ಒಂದೇ ಏಟಿಗೆ ಅಳಿಸುತ್ತದೆ.

ವಿಡಿಯೋದಲ್ಲಿ ಕಾಣುವ ಗಿಡವೂ ನಮ್ಮದಲ್ಲ. ಹೆಚ್ಚಾಗಿ ಅವು ತಂಪು ದೇಶಗಳ ಪೈನ್‌ನಂಥ ಮರಗಳು. ಒಂದೇ ಕಾಂಡ, ಕಂಬದಂತೆ ನೆಟ್ಟಗೆ. ನಮ್ಮ ಬೇವಿಗೆ ಮೂರು ಕವಲು, ಭಾರವೆಲ್ಲ ಒಂದೇ ಕಡೆ. ಹುಣಸೆ ಹೊರಗೆ ಗಟ್ಟಿ, ಒಳಗೆ ಪೊಟರೆ. ಕೊಯ್ಯುವಾಗ ಬುಡದಲ್ಲಿ ಸ್ವಲ್ಪ ಕಟ್ಟಿಗೆ ಬಿಡುತ್ತಾರೆ. ಅದು ಬಾಗಿಲ ಕೀಲಿನಂತೆ ಗಿಡವನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತದೆ. ಒಳಗೆ ಟೊಳ್ಳಿದ್ದರೆ ಆ ಕೀಲೇ ಇರುವುದಿಲ್ಲ, ಗಿಡ ಎತ್ತಲಾದರೂ ಬೀಳಬಹುದು. ಒಂದು ಕಡೆ ವಾಲಿದ ಗಿಡವನ್ನು ಹಿಂದಿನಿಂದ ಸುಮ್ಮನೆ ಕೊಯ್ದರೆ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಭಾಗ ಮೇಲೆದ್ದು ಎದೆಗೆ ಬಡಿಯುತ್ತದೆ.

ಬಳ್ಳಾರಿ ಜಾಲಿ ಇನ್ನೂ ಬೇರೆ. ಇದು ಅಮೆರಿಕ ಖಂಡದ ಗಿಡ, 1870ರ ದಶಕದಲ್ಲಿ ಭಾರತಕ್ಕೆ ಬಂತು. ಒಂದೇ ಬುಡದಿಂದ ಹತ್ತಾರು ಕಾಂಡ, ಒಂದರ ಮೇಲೊಂದು ಬಿಲ್ಲಿನಂತೆ ಬಾಗಿರುತ್ತವೆ. ಒಂದನ್ನು ಕೊಯ್ದರೆ ಇನ್ನೊಂದು ಬಿಲ್ಲಿನಂತೆಯೇ ಚಿಮ್ಮುತ್ತದೆ, ಮುಳ್ಳಿನ ಸಮೇತ.

ಇನ್ನು ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಯುವ ವಿಡಿಯೋ. ಗಿಡದ ಎತ್ತರಕ್ಕಿಂತ ಹಗ್ಗ ಗಿಡ್ಡವಿದ್ದರೆ ಗಿಡ ಬೀಳುವುದು ಟ್ರ್ಯಾಕ್ಟರ್ ಮೇಲೆಯೇ. ಎಳೆದವನು ಬದುಕಿದ ವಿಡಿಯೋ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಉಳಿದವನ ವಿಡಿಯೋಗೆ ಲೈಕ್ ಸಿಗುತ್ತದೆ. ಸತ್ತವನು ಅಪ್‌ಲೋಡ್ ಮಾಡುವುದಿಲ್ಲ.

ಹಾಗಂತ ವಿಡಿಯೋ ನೋಡಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಯಂತ್ರಕ್ಕೆ ಎಣ್ಣೆ ಹಾಕುವುದು, ಸರಪಳಿ ಬಿಗಿ ಮಾಡುವುದು ಅದರಲ್ಲಿ ಕಲಿಯಬಹುದು. ಆದರೆ ನಿಮ್ಮ ಹಿತ್ತಲಿನ ಬೇವು ಎತ್ತ ಬೀಳುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಅದು ಆ ಗಿಡ ನೋಡಿಲ್ಲ.

ಆದ್ದರಿಂದ ಗಿಡ ಕಡಿಯುವ ವಿಡಿಯೋ ವಾಟ್ಸ್ಆ್ಯಪ್‌ಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ನಮ್ಮ ಗಿಡವೇ? ಹೇಳುವವನ ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇದೆಯೇ? ತಪ್ಪಾದರೆ ಅವನನ್ನು ಎಲ್ಲಿ ಹುಡುಕುತ್ತೀರಿ?

ಕರೆಂಟ್ ತಂತಿಗೆ ತಾಗುವ ಗಿಡವಿದ್ದರೆ ಕೊಡಲಿ ಎತ್ತುವ ಮೊದಲೇ ಹೆಸ್ಕಾಂಗೆ ತಿಳಿಸಿ, 1912ಕ್ಕೆ ಕರೆ ಮಾಡಿ. ಅವರು ಲೈನ್ ಬಂದ್ ಮಾಡಿಸುವವರೆಗೆ ಕಾಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನೀಲಗಿರಿ, ಸುಬಾಬುಲ್‌ನಂಥ ಕೆಲವು ಜಾತಿ ಬಿಟ್ಟು ಉಳಿದವಕ್ಕೆ ಅನುಮತಿ ಬೇಕು. ಅರಣ್ಯ ಇಲಾಖೆಯ ಕಚೇರಿಗೆ ಹೋದಾಗ, ಅಪಾಯದ ಗಿಡ ಕಡಿದು ಅನುಭವ ಇದ್ದವರು ಹತ್ತಿರದಲ್ಲಿ ಯಾರಿದ್ದಾರೆ ಎಂದೂ ಕೇಳಿ. ಒಬ್ಬರೇ ಕೆಲಸಕ್ಕೆ ನಿಲ್ಲಬೇಡಿ. ಗಿಡದ ಎತ್ತರದ ಎರಡರಷ್ಟು ದೂರದೊಳಗೆ ಮಕ್ಕಳು, ದನಕರು ಇರದಂತೆ ನೋಡಿಕೊಳ್ಳಿ. ಏನಾದರೂ ಆದರೆ ಮೊದಲು 108.

ಮತ್ತು ನಿಮ್ಮ ಊರಲ್ಲಿ ವಯಸ್ಸಾದ ಬಡಿಗರು ಇನ್ನೂ ಇದ್ದರೆ, ಅವರನ್ನು ಒಮ್ಮೆ ಗಿಡದ ಬುಡಕ್ಕೆ ಕರೆದುಕೊಂಡು ಹೋಗಿ. ಕಡಿಯಲಿಕ್ಕಲ್ಲ, ನೋಡಿ ಹೇಳಲಿಕ್ಕೆ. ಅವರು ಹೇಳುವುದನ್ನು ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಅದು ನಮ್ಮ ಗಿಡಗಳ ಬಗ್ಗೆ, ನಮ್ಮ ಮಣ್ಣಿನ ಬಗ್ಗೆ, ನಮ್ಮ ಊರಿನವರೇ ಹೇಳಿದ ವಿಡಿಯೋ ಆಗುತ್ತದೆ.