ವೆಬ್‌ಸೈಟ್‌ಗೆ ಸ್ಪ್ಯಾಮ್ ಲಿಂಕ್ ಬಂದಿದೆಯಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡಿಕೊಳ್ಳಿ

ಪೇಟೆಯ ಬಟ್ಟೆ ಅಂಗಡಿ ಅಣ್ಣ ಒಬ್ಬರು ಮೊನ್ನೆ ಕರೆದು ಮೊಬೈಲ್ ತೋರಿಸಿದರು. "ನಿಮ್ಮ ವೆಬ್‌ಸೈಟ್‌ಗೆ ನೂರಾರು ಟಾಕ್ಸಿಕ್ ಲಿಂಕ್‌ಗಳಿವೆ, ಕೂಡಲೇ ಕ್ಲೀನ್ ಮಾಡಿಸಿ" ಅಂತ ಮೇಲ್. ಖರ್ಚು 15 ಸಾವಿರ. ಎರಡು ತಿಂಗಳಿಂದ ಗೂಗಲ್‌ನಲ್ಲಿ ಅವರ ಸೈಟ್ ಕೆಳಗೆ ಹೋಗಿದ್ದು ನಿಜ, ಆರ್ಡರ್ ಕೂಡ ಕಮ್ಮಿ. ಹಾಗಾಗಿ ದುಡ್ಡು ಕಳಿಸೋಕೆ ತಯಾರಾಗಿಯೇ ಕೂತಿದ್ದರು.

ಮೊದಲು ಈ ಲಿಂಕ್ ಅಂದ್ರೆ ಏನು? ಬೇರೆಯವರ ವೆಬ್‌ಸೈಟ್‌ನಲ್ಲಿ ಒತ್ತಿದರೆ ನಿಮ್ಮ ಸೈಟ್ ತೆರೆದುಕೊಳ್ಳುತ್ತಲ್ಲ, ಅದೇ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಶುರು ಮಾಡಿದಾಗ ಅದರ ಬುನಾದಿಯೇ ಈ ಲೆಕ್ಕ. "ಆ ಅಂಗಡಿಗೆ ಹೋಗಿ, ಚೆನ್ನಾಗಿದೆ" ಅಂತ ನಾಲ್ಕು ಜನ ಹೇಳಿದರೆ ಗಿರಾಕಿ ಬರೋದಿಲ್ವಾ, ಹಾಗೆ. ಆಮೇಲೆ ಜನ ದುಡ್ಡು ಕೊಟ್ಟು ಹೀಗೆ ಹೇಳಿಸೋಕೆ ಶುರು ಮಾಡಿದರು.

ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆ ಕಂಪನಿಯ ಕಥೆ ಇದಕ್ಕೆ ಉದಾಹರಣೆ. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಲಿಂಕ್ ಇಡಲಾಗಿತ್ತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆಯಿತು. ಗೂಗಲ್ ಕ್ರಮ ತೆಗೆದುಕೊಂಡ ಮೇಲೆ, ಒಂದು ಸೂಟ್‌ಕೇಸ್ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದ ಕಂಪನಿ ಎರಡೇ ಗಂಟೆಯಲ್ಲಿ 71ಕ್ಕೆ ಇಳಿಯಿತು. ನಮಗೆ ಗೊತ್ತಿಲ್ಲದೆ ಆಗಿದ್ದು ಅಂತ ಕಂಪನಿ ಹೇಳಿತು. ಆದರೆ ಪೆಟ್ಟು ಬಿದ್ದಿದ್ದು ಅದಕ್ಕೇ.

2012ರ ಏಪ್ರಿಲ್‌ನಲ್ಲಿ ಗೂಗಲ್ 'ಪೆಂಗ್ವಿನ್' ಎಂಬ ಬದಲಾವಣೆ ತಂದು ಇಂಥ ಸೈಟ್‌ಗಳನ್ನು ಸಾಮೂಹಿಕವಾಗಿ ಕೆಳಗಿಳಿಸಿತು. ಆಗ ಹೊಸ ಭಯ ಹುಟ್ಟಿತು: ಎದುರಿನ ಅಂಗಡಿಯವನೇ ನನ್ನ ಸೈಟ್‌ಗೆ ಕೆಟ್ಟ ಲಿಂಕ್ ಹಾಕಿಸಿದರೆ? ಅದೇ ವರ್ಷ ಅಕ್ಟೋಬರ್‌ನಲ್ಲಿ 'ಡಿಸ್ಅವೋ' ಎಂಬ ಟೂಲ್ ಬಂತು. "ಈ ಲಿಂಕ್‌ಗಳನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ" ಅಂತ ಗೂಗಲ್‌ಗೆ ಪಟ್ಟಿ ಕೊಡೋ ವ್ಯವಸ್ಥೆ ಅದು. 2016ರಿಂದ ಪೆಂಗ್ವಿನ್ ಇಡೀ ಸೈಟ್‌ಗೆ ಶಿಕ್ಷೆ ಕೊಡೋ ಬದಲು ಸ್ಪ್ಯಾಮ್ ಲಿಂಕ್ ಅನ್ನಷ್ಟೇ ಲೆಕ್ಕದಿಂದ ಬಿಡುತ್ತೆ. ಅಂದರೆ ಯಾರೋ ಎಲ್ಲೋ ಹಾಕಿದ ಕಸಕ್ಕೆ ನೀವು ಸಾಮಾನ್ಯವಾಗಿ ಹೆದರಬೇಕಿಲ್ಲ. ಡಿಸ್ಅವೋ ಬಹುತೇಕ ಸೈಟ್‌ಗಳಿಗೆ ಬೇಕಾಗೋದೇ ಇಲ್ಲ ಅಂತ ಗೂಗಲ್ಲೇ ಹೇಳಿದೆ.

ಖಾತ್ರಿ ಮಾಡಿಕೊಳ್ಳೋಕೆ ಗೂಗಲ್ 'ಸರ್ಚ್ ಕನ್ಸೋಲ್' ಇದೆ, ಪೂರ್ತಿ ಉಚಿತ. ಅದರಲ್ಲಿ 'ಮ್ಯಾನ್ಯುಯಲ್ ಆ್ಯಕ್ಷನ್ಸ್' ಎಂಬ ಪುಟ ತೆರೆಯಿರಿ. ತೊಂದರೆ ಏನೂ ಇಲ್ಲ ಅಂತ ಹಸಿರು ಗುರುತು ಇದ್ದರೆ, ಲಿಂಕ್ ವಿಷಯದಲ್ಲಿ ಗೂಗಲ್‌ನವರು ಕೂತು ನೋಡಿ ನಿಮಗೆ ದಂಡ ಹಾಕಿಲ್ಲ ಅಂತ ಅರ್ಥ. ಮೇಲ್‌ನಲ್ಲಿ ಬರೋ 'ಟಾಕ್ಸಿಕ್ ಸ್ಕೋರ್' ಬೇರೆ ಕಂಪನಿಗಳ ಸ್ವಂತ ಲೆಕ್ಕ. ಗೂಗಲ್ ಅಂಥ ಅಂಕ ಕೊಡೋದಿಲ್ಲ.

ದಂಡ ಬಿದ್ದಿದ್ದರೆ ಮಾತ್ರ ಕೆಲಸ ಇದೆ. ಹಿಂದೆ ಯಾರಾದ್ರೂ "ಸಾವಿರ ಬ್ಯಾಕ್‌ಲಿಂಕ್, ಎರಡು ಸಾವಿರ ರೂಪಾಯಿ" ಅಂತ ಮಾಡಿಕೊಟ್ಟಿದ್ದರಾ, ನೆನಪು ಮಾಡಿಕೊಳ್ಳಿ. ಆ ಲಿಂಕ್‌ಗಳನ್ನು ತೆಗೆಸಿ. ತೆಗೆಯದವರ ಡೊಮೇನ್‌ಗಳನ್ನು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಸಾಲಿಗೊಂದರಂತೆ ಬರೆದು ಡಿಸ್ಅವೋ ಪುಟದಲ್ಲಿ ಏರಿಸಿ, ಆಮೇಲೆ ಮರುಪರಿಶೀಲನೆಗೆ ಅರ್ಜಿ ಹಾಕಿ. ಹೊಸ ಫೈಲ್ ಹಾಕಿದರೆ ಹಳೇದು ಅಳಿಸಿ ಹೋಗುತ್ತೆ, ಹಾಗಾಗಿ ಪೂರ್ತಿ ಪಟ್ಟಿ ಒಂದರಲ್ಲೇ ಇರಲಿ. ಪರಿಣಾಮ ಕಾಣೋಕೆ ವಾರಗಳೇ ಬೇಕು. ಗಾಬರಿಯಲ್ಲಿ ಒಳ್ಳೆ ಸೈಟ್‌ಗಳನ್ನೂ ಸೇರಿಸಿದಿರೋ, ನಿಮ್ಮ ರ‍್ಯಾಂಕ್ ನೀವೇ ಕಡಿದುಕೊಂಡ ಹಾಗೆ.

ಇನ್ನೊಂದು ಅಪಾಯ ಹೊರಗಿನದಲ್ಲ, ಒಳಗಿನದು. ಸೈಟ್ ಹ್ಯಾಕ್ ಮಾಡಿ ಅದರೊಳಗೇ ಬೆಟ್ಟಿಂಗ್, ಮಾತ್ರೆ ಮಾರಾಟದ ಪುಟಗಳನ್ನು ತುಂಬುತ್ತಾರೆ. ನೋಡೋಕೆ ಮುಖಪುಟ ಸರಿಯಾಗೇ ಇರುತ್ತೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಹೆಸರು ಬರೆದು ಹುಡುಕಿ. ನೀವು ಹಾಕದ ಪುಟ ಕಂಡರೆ ಅಲ್ಲೇ ಗೊತ್ತಾಯ್ತು.

ಅಣ್ಣನ ಸೈಟ್ ಹೀಗೆ ಹುಡುಕಿದಾಗ ಸೀರೆಗಿಂತ ಜಾಸ್ತಿ ಬೆಟ್ಟಿಂಗ್ ಪುಟಗಳೇ ಬಂದವು! ವರ್ಡ್‌ಪ್ರೆಸ್‌ನ ಒಂದು ಪ್ಲಗಿನ್ ವರ್ಷಗಟ್ಟಲೆ ಅಪ್‌ಡೇಟ್ ಆಗಿರಲಿಲ್ಲ. 15 ಸಾವಿರ ಕೊಟ್ಟು ಹೊರಗಿನ ಲಿಂಕ್ ಕ್ಲೀನ್ ಮಾಡಿಸಿದ್ದರೂ ಇವು ಅಲ್ಲೇ ಇರುತ್ತಿದ್ದವು.

ಸರಿ ಮಾಡೋಣ ಅಂದ್ರೆ ಪಾಸ್‌ವರ್ಡ್ ಅವರ ಹತ್ತಿರ ಇಲ್ಲ. ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಿನಲ್ಲಿದ್ದಾನೆ, ಡೊಮೇನ್ ಕೂಡ ಅವನ ಹೆಸರಲ್ಲೇ ಇದೆ. ಮೂರು ದಿನ ಫೋನ್ ಮಾಡಿದ ಮೇಲೆ ಸಿಕ್ಕ. ನಿಮ್ಮದೂ ಹೀಗೇ ಇದ್ದರೆ ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರನ್ನೂ ಈ ವಾರವೇ ನಿಮ್ಮ ಜಿಮೇಲ್‌ಗೆ ಹಾಕಿಸಿಕೊಳ್ಳಿ.